ಕನ್ನಡಕದ ಹುಡುಗ ಬದಲಿಸಿದ ಆಟ

1949ರ ಡಿಸೆಂಬರ್ ತಿಂಗಳ ಒಂದು ಸಂಜೆ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದ ಹೆಬ್ಬಾಗಿಲ ಮೇಲೆ ಅಂದಿನ ಪಂದ್ಯದ ವಿವರ ದೀಪಗಳ ಬೆಳಕಿನಲ್ಲಿ ಹೊಳೆಯುತ್ತಿತ್ತು. ಅಲ್ಲಿ ಎರಡು ತಂಡಗಳ ಹೆಸರು ಇರಬೇಕಿತ್ತು: ಮಿನಿಯಾಪೊಲಿಸ್ ಲೇಕರ್ಸ್ ಮತ್ತು ನ್ಯೂಯಾರ್ಕ್ ನಿಕ್ಸ್. ಆದರೆ ಫಲಕದ ಮೇಲಿದ್ದುದು 'ಜಾರ್ಜ್ ಮೈಕನ್ ವಿರುದ್ಧ ನಿಕ್ಸ್' ಎಂದು! ಒಂದು ಕಡೆ ಇಡೀ ತಂಡ, ಇನ್ನೊಂದು ಕಡೆ ಒಬ್ಬನೇ ಒಬ್ಬ ಆಟಗಾರ.

ಲೇಕರ್ಸ್ ತಂಡದ ಉಳಿದ ಆಟಗಾರರಿಗೆ ಇದನ್ನು ಕಂಡು ಕೋಪ ಬರಬಹುದಿತ್ತು. ಅವರಿಗೆ ಬಂದದ್ದು ತುಂಟತನ. ಮೈಕನ್ ಆಟದ ಉಡುಪು ತೊಟ್ಟು, ಬೂಟಿನ ದಾರ ಬಿಗಿದು ತಲೆ ಎತ್ತಿ ನೋಡಿದರೆ ಗೆಳೆಯರೆಲ್ಲ ಷರಟು ಪ್ಯಾಂಟಿನಲ್ಲೇ ಆರಾಮವಾಗಿ ಕುಳಿತಿದ್ದಾರೆ! ಹೊರಗೆ ಹಾಕಿರುವಂತೆ ನಿಕ್ಸ್ ತಂಡವನ್ನು ಆತನೊಬ್ಬನೇ ಎದುರಿಸಲಿ ಎಂದು ಅವರು ಛೇಡಿಸಿದರು. ಕೊನೆಗೆ ಎಲ್ಲರೂ ನಕ್ಕು ಅಂಗಳಕ್ಕೆ ಇಳಿದರು.

ಹೀಗೆ ತನ್ನ ಹೆಸರನ್ನು ತಂಡದ ಹೆಸರಿಗಿಂತ ದೊಡ್ಡದಾಗಿ ಮಾಡಿಕೊಂಡವನನ್ನು ಬೀದಿಯಲ್ಲಿ ಕಂಡವರು ಕ್ರೀಡಾಪಟು ಎಂದು ಊಹಿಸುವುದು ಕಷ್ಟವಿತ್ತು. ಎತ್ತರ ಆರು ಅಡಿ ಹತ್ತು ಅಂಗುಲ, ತೂಕ 110 ಕಿಲೋ ಮುಟ್ಟುವಷ್ಟು. ಆದರೆ ಮೂಗಿನ ಮೇಲೆ ದಪ್ಪ ಗಾಜಿನ ದುಂಡು ಕನ್ನಡಕ. ಅದಿಲ್ಲದೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಆಡುವಾಗಲೂ ಅದು ಮುಖದ ಮೇಲೆ ಇರಲೇಬೇಕಿತ್ತು. ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನ ಮೊದಲ ಮಹಾತಾರೆ ಎಂದು ಇಂದು ಹೆಸರಾಗಿರುವ ಜಾರ್ಜ್ ಮೈಕನ್, ಹದಿನೆಂಟು ವರ್ಷ ತುಂಬುವವರೆಗೆ 'ಈ ಆಟಕ್ಕೆ ನಾಲಾಯಕ್' ಎನಿಸಿಕೊಂಡಿದ್ದವನು.

ಹಾಸಿಗೆ ಹಿಡಿದ ಹುಡುಗ

ಜಾರ್ಜ್ ಹುಟ್ಟಿದ್ದು 1924ರ ಜೂನ್ 18ರಂದು, ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ. ತಂದೆಯ ಕಡೆಯ ಹಿರಿಯರು ಕ್ರೊಯೇಷಿಯಾದಿಂದ ವಲಸೆ ಬಂದವರು. ಮನೆಯವರು ಊಟ, ಪಾನೀಯ ಒದಗಿಸುವ ಒಂದು ಸಣ್ಣ ಅಂಗಡಿ ನಡೆಸುತ್ತಿದ್ದರು. ಶ್ರೀಮಂತಿಕೆ ಇರಲಿಲ್ಲ, ದುಡಿಮೆ ಇತ್ತು.

ಹುಡುಗ ಹುಲ್ಲಿನಂತೆ ಉದ್ದಕ್ಕೆ ಬೆಳೆದ. ಜೊತೆಯ ಮಕ್ಕಳಿಗಿಂತ ಒಂದು ತಲೆ ಎತ್ತರ ಇರುವ ಮಗುವಿನ ಕಷ್ಟ ಅನುಭವಿಸಿದವರಿಗೇ ಗೊತ್ತು. ಜನ ತಿರುಗಿ ನೋಡುತ್ತಾರೆ, ಗೆಳೆಯರು ಅಡ್ಡ ಹೆಸರಿಡುತ್ತಾರೆ. ಎತ್ತರ ಮರೆಮಾಚಲು ಹುಡುಗ ಬೆನ್ನು ಬಾಗಿಸಿ ನಡೆಯುವುದನ್ನು ಕಲಿಯುತ್ತಾನೆ. ಜಾರ್ಜ್‌ನ ಕತೆಯೂ ಇದೇ. ಇದು ಸಾಲದೆಂಬಂತೆ ಬಾಲ್ಯದಲ್ಲಿ ಒಮ್ಮೆ ಮಂಡಿಗೆ ಎಷ್ಟು ಕೆಟ್ಟ ಪೆಟ್ಟು ಬಿತ್ತೆಂದರೆ, ಒಂದೂವರೆ ವರ್ಷ ಹಾಸಿಗೆಯಲ್ಲೇ ಕಳೆಯಬೇಕಾಯಿತು.

ಊರಿನ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸೇರಲು ಹೋದಾಗ ಅಡ್ಡ ಬಂದದ್ದು ಕನ್ನಡಕ. ಕನ್ನಡಕ ಹಾಕಿಕೊಂಡು ಈ ಆಟ ಆಡಲಾಗದು ಎಂದು ತರಬೇತುದಾರರು ತಂಡದಿಂದ ಕೈಬಿಟ್ಟರಂತೆ. ಮೈಕನ್ ಮುಂದೆ ತಾನೇ ಇದನ್ನು ಹೇಳಿಕೊಳ್ಳುತ್ತಿದ್ದ. ಆಗ ಆತನ ಮನಸ್ಸಿನಲ್ಲಿ ಪಾದ್ರಿಯಾಗುವ ಆಸೆಯೂ ಇತ್ತು. ಷಿಕಾಗೋದಲ್ಲಿ ಪಾದ್ರಿಗಳಾಗಬಯಸುವ ಹುಡುಗರ ಶಾಲೆಗೆ ಸೇರಿ ಕೆಲಕಾಲ ಓದಿದ್ದೂ ಉಂಟು.

ಕಾಲೇಜು ವಯಸ್ಸಿಗೆ ಬಂದಾಗ ಪ್ರಖ್ಯಾತ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಹೋಗಿ ನಿಂತ. ಅಲ್ಲಿನ ತರಬೇತುದಾರ ಜಾರ್ಜ್ ಕಿಯೋಗನ್ ನೋಡಿದರು. ಹುಡುಗನಿಗೆ ಎತ್ತರವಿದೆ, ಆದರೆ ಕಾಲು ಒಂದು ಕಡೆ ಹೋದರೆ ಕೈ ಇನ್ನೊಂದು ಕಡೆ ಹೋಗುತ್ತದೆ. ಆಯ್ಕೆ ಮಾಡದೆ ವಾಪಸು ಕಳಿಸಿದರು.

ಆ ದಿನಗಳಲ್ಲಿ ಕಿಯೋಗನ್ ಒಬ್ಬರೇ ಹೀಗೆ ಯೋಚಿಸುತ್ತಿದ್ದರು ಎನ್ನಲಾಗದು. ಬ್ಯಾಸ್ಕೆಟ್‌ಬಾಲ್ ಚುರುಕಾದ, ಸಣ್ಣ ಆಳಿನ ಆಟ ಎಂದೇ ನಂಬಿಕೆ. 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹಣ್ಣಿನ ಬುಟ್ಟಿಗಳನ್ನು ಹತ್ತಡಿ ಎತ್ತರಕ್ಕೆ ಕಟ್ಟಿ ಈ ಆಟವನ್ನು ಆರಂಭಿಸಿದರು. ಅಂದಿನಿಂದ ಓಟ, ಪಾಸ್, ಕಣ್ಣಳತೆ ಇವೇ ಅದರ ಬಂಡವಾಳ. ತೀರಾ ಎತ್ತರದವರು ಎಡವುತ್ತಾರೆ, ಬೇಗ ಸುಸ್ತಾಗುತ್ತಾರೆ ಎಂಬ ಅಭಿಪ್ರಾಯ ಬಲವಾಗಿತ್ತು.

ಕುಣಿತ ಕಲಿಸಿದ ಗುರು

1942ರಲ್ಲಿ ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಒಬ್ಬ ಹೊಸ ತರಬೇತುದಾರರು ಬಂದರು. ಹೆಸರು ರೇ ಮೇಯರ್. ವಯಸ್ಸು ಕೇವಲ 28. ಅಲ್ಲಿ ವಿದ್ಯಾರ್ಥಿಯಾಗಿದ್ದ ಜಾರ್ಜ್ ಅವರ ಕಣ್ಣಿಗೆ ಬಿದ್ದ. ಬೇರೆಯವರು ಕುಂದು ಕಂಡ ಕಡೆಯಲ್ಲಿ ಈ ಗುರು ಇನ್ನೂ ಆಗದ ಕೆಲಸವನ್ನು ಕಂಡರು. ಹುಡುಗ ದೊಡ್ಡವನೆಂಬುದು ದೋಷವಲ್ಲ, ಆ ದೊಡ್ಡ ದೇಹವನ್ನು ಹೇಗೆ ಬಳಸಬೇಕೆಂದು ಯಾರೂ ಕಲಿಸಿಲ್ಲ ಅಷ್ಟೇ ಎಂದು ಅವರಿಗೆ ಅನ್ನಿಸಿತು.

ಕಲಿಸುವ ಕ್ರಮವೋ ವಿಚಿತ್ರವಾಗಿತ್ತು. ಚೆಂಡು ಆಮೇಲೆ, ಮೊದಲು ಸ್ಕಿಪ್ಪಿಂಗ್ ಹಗ್ಗ. ಹಗ್ಗದ ಜೊತೆ ಬಾಕ್ಸಿಂಗ್ ಅಭ್ಯಾಸ. ಅದೂ ಸಾಲದೆಂದು ನೃತ್ಯದ ಪಾಠ! ಸುಮಾರು ಏಳಡಿಯ ಹುಡುಗ, ಕನ್ನಡಕ ಸರಿಪಡಿಸಿಕೊಳ್ಳುತ್ತಾ, ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಲು ಹೆಣಗುವ ದೃಶ್ಯ ನಗು ತರಿಸುವಂಥದ್ದೇ. ಆದರೆ ಮೇಯರ್ ಅವರ ಲೆಕ್ಕ ಸ್ಪಷ್ಟವಿತ್ತು. ಕಾಲಿಗೆ ಲಯ ಬಂದರೆ ಆಟಕ್ಕೆ ಲಯ ಬರುತ್ತದೆ. ತನ್ನ ದೇಹದ ಬಗ್ಗೆ ನಾಚುವುದನ್ನು ಬಿಟ್ಟವನು ಮಾತ್ರ ಅದನ್ನು ಬಳಸಬಲ್ಲ.

ಆಮೇಲೆ ಚೆಂಡು ಬಂತು. ಬುಟ್ಟಿಗೆ ಬೆನ್ನು ಮಾಡಿ ನಿಂತು, ಒಂದೇ ಹೆಜ್ಜೆಯಲ್ಲಿ ಪಕ್ಕಕ್ಕೆ ತಿರುಗಿ, ತಲೆಯ ಮೇಲಿನಿಂದ ಕಮಾನಿನಂತೆ ಕೈ ಬೀಸಿ ಚೆಂಡೆಸೆಯುವ ಹೊಡೆತಕ್ಕೆ 'ಹುಕ್ ಶಾಟ್' ಎಂದು ಹೆಸರು. ದಿನವೂ ನೂರಾರು ಸಲ ಬಲಗೈಯಲ್ಲಿ, ಮತ್ತೆ ಅಷ್ಟೇ ಸಲ ಎಡಗೈಯಲ್ಲಿ ಈ ಹೊಡೆತದ ಅಭ್ಯಾಸ ನಡೆಯಿತು. ಬುಟ್ಟಿಯ ಬಲಕ್ಕೆ ನಿಂತು ಬಲಗೈಯಲ್ಲಿ ಹಾಕು. ಚೆಂಡು ನೆಲ ಮುಟ್ಟುವ ಮೊದಲೇ ಹಿಡಿ. ಎಡಕ್ಕೆ ಹೆಜ್ಜೆ ಇಟ್ಟು ಎಡಗೈಯಲ್ಲಿ ಹಾಕು. ಮತ್ತೆ ಹಿಡಿ, ಮತ್ತೆ ಬಲಕ್ಕೆ. ಚೆಂಡು ಭುಜದಿಂದ ಕೆಳಗೆ ಇಳಿಯಬಾರದು, ಕಾಲು ನಿಲ್ಲಬಾರದು.

ಈ ಅಭ್ಯಾಸಕ್ಕೆ ಇಂದು 'ಮೈಕನ್ ಡ್ರಿಲ್' ಎಂದೇ ಹೆಸರಾಗಿದೆ. ಬ್ಯಾಸ್ಕೆಟ್‌ಬಾಲ್ ಕಲಿಯುವ ಮಕ್ಕಳು, ಅದು ಯಾರ ಹೆಸರೆಂದು ತಿಳಿಯದೆಯೂ, ಇದನ್ನು ಮಾಡುತ್ತಾರೆ. ಒಂದು ಚೆಂಡು, ಒಂದು ಬುಟ್ಟಿ ಇದ್ದರೆ ಸಾಕು, ಜೊತೆಗಾರ ಕೂಡ ಬೇಡ.

ಬುಟ್ಟಿಗೆ ಕಾವಲು

ಪರಿಣಾಮ ಕಾಣಿಸಲು ಬಹಳ ದಿನ ಹಿಡಿಯಲಿಲ್ಲ. ಮೈಕನ್ ಬುಟ್ಟಿಯ ಬಳಿ ನಿಂತು, ಎದುರಾಳಿಗಳು ಎಸೆದ ಚೆಂಡು ಇನ್ನೇನು ಒಳಗೆ ಬೀಳಬೇಕು ಎನ್ನುವಾಗ ಕೈ ಎತ್ತಿ ತಳ್ಳಿಬಿಡುತ್ತಿದ್ದ. ಅದನ್ನು ತಡೆಯುವ ನಿಯಮವೇ ಇರಲಿಲ್ಲ. ಹತ್ತಡಿ ಎತ್ತರದಲ್ಲಿ ಕೈ ಆಡಿಸಬಲ್ಲ ಮನುಷ್ಯರು ಬಂದಾರು ಎಂದು ನಿಯಮ ಬರೆದವರು ಎಣಿಸಿರಲಿಲ್ಲ. ಅದೇ ಕಾಲಕ್ಕೆ ಒಕ್ಲಹೋಮಾದಲ್ಲಿ ಏಳಡಿಯ ಬಾಬ್ ಕರ್ಲಂಡ್ ಎಂಬ ಇನ್ನೊಬ್ಬ ವಿದ್ಯಾರ್ಥಿಯೂ ಇದನ್ನೇ ಮಾಡುತ್ತಿದ್ದ. 1944ರಲ್ಲಿ ಕಾಲೇಜು ಆಟದ ಆಡಳಿತಗಾರರು ಹೊಸ ನಿಯಮ ತಂದರು: ಬುಟ್ಟಿಯ ಕಡೆಗೆ ಕೆಳಮುಖವಾಗಿ ಇಳಿಯುತ್ತಿರುವ ಚೆಂಡನ್ನು ರಕ್ಷಣೆಯವರು ಮುಟ್ಟುವಂತಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ನಿಷೇಧ ಇಂದಿಗೂ ಉಳಿದಿದೆ.

ನಿಯಮ ಬಂದಿತೆಂದು ಮೈಕನ್ ಕುಗ್ಗಲಿಲ್ಲ. 1945ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ರಾಷ್ಟ್ರೀಯ ಆಹ್ವಾನಿತ ಟೂರ್ನಿಯಲ್ಲಿ ರೋಡ್ ಐಲೆಂಡ್ ತಂಡದ ವಿರುದ್ಧ ಡಿಪಾಲ್ 97–53ರಿಂದ ಗೆದ್ದಿತು. ಮೈಕನ್ ಒಬ್ಬನೇ ಗಳಿಸಿದ್ದು 53, ಅಂದರೆ ಎದುರಾಳಿ ತಂಡದ ಎಲ್ಲರೂ ಸೇರಿ ಗಳಿಸಿದಷ್ಟು! ಮೂರು ಪಂದ್ಯಗಳಲ್ಲಿ 120 ಅಂಕ ಗಳಿಸಿ ಡಿಪಾಲ್‌ಗೆ ಪ್ರಶಸ್ತಿ ತಂದುಕೊಟ್ಟ. ಮೂರು ವರ್ಷಗಳ ಹಿಂದೆ ಆಯ್ಕೆಯಾಗದೆ ಹಿಂದಿರುಗಿದ್ದ ಹುಡುಗ ಇವನೇ!

ದಾರಿ ತಪ್ಪಿದ ಕಾರು

1946ರಲ್ಲಿ ಮೈಕನ್ ವೃತ್ತಿಪರನಾದ. ಷಿಕಾಗೋದ 'ಅಮೆರಿಕನ್ ಗೇರ್ಸ್' ತಂಡ ಐದು ವರ್ಷಕ್ಕೆ 60,000 ಡಾಲರಿನ ಕರಾರು ಮಾಡಿಕೊಂಡಿತು. ಅಂದಿನ ಲೆಕ್ಕದಲ್ಲಿ ಅದು ಬೆರಗು ಹುಟ್ಟಿಸುವ ಮೊತ್ತ. ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಎಂದರೆ ಆಗ ಜನರಿಗೆ ಅಷ್ಟಕ್ಕಷ್ಟೆ. ಕಾಲೇಜು ಪಂದ್ಯಗಳಿಗೆ ನುಗ್ಗುತ್ತಿದ್ದ ಪ್ರೇಕ್ಷಕರು ಸಂಬಳದ ಆಟಗಾರರ ಪಂದ್ಯಗಳಿಗೆ ಬರುತ್ತಿರಲಿಲ್ಲ. ತಂಡಗಳು ಹುಟ್ಟುತ್ತಿದ್ದವು, ಸಾಲದಲ್ಲಿ ಮುಳುಗುತ್ತಿದ್ದವು.

ಮೈಕನ್‌ಗೂ ಆ ಬಿಸಿ ತಟ್ಟಿತು. ಸಂಬಳದ ವಿಷಯದಲ್ಲಿ ಜಗಳವಾಗಿ ಕೆಲವು ವಾರ ಆಟ ಬಿಟ್ಟು ಕುಳಿತ. ಹಿಂದಿರುಗಿ 1947ರಲ್ಲಿ ಗೇರ್ಸ್ ತಂಡವನ್ನು ನ್ಯಾಷನಲ್ ಲೀಗ್‌ನ ಚಾಂಪಿಯನ್ ಮಾಡಿದ. ಗೆದ್ದ ಹುರುಪಿನಲ್ಲಿ ತಂಡದ ಮಾಲೀಕ ತನ್ನದೇ ಹೊಸ ಲೀಗ್ ಕಟ್ಟಲು ಹೊರಟ. ಅದು ಆರಂಭವಾದ ಕೆಲವೇ ವಾರಗಳಲ್ಲಿ ಬಾಗಿಲು ಮುಚ್ಚಿತು. ದೇಶದ ಅತ್ಯುತ್ತಮ ಆಟಗಾರನಿಗೆ ತಂಡವೇ ಇಲ್ಲದಂತಾಯಿತು!

ನಿರುದ್ಯೋಗಿಗಳಾದ ಆಟಗಾರರನ್ನು ಉಳಿದ ತಂಡಗಳಿಗೆ ಹಂಚುವಾಗ ಮೊದಲ ಆಯ್ಕೆ ಹೋದದ್ದು ಹೊಸದಾಗಿ ಹುಟ್ಟಿದ್ದ ಮಿನಿಯಾಪೊಲಿಸ್ ಲೇಕರ್ಸ್‌ಗೆ. ಡೆಟ್ರಾಯಿಟ್‌ನ ಸೋತು ಸುಣ್ಣವಾಗಿದ್ದ ಒಂದು ತಂಡದ ಹಕ್ಕನ್ನು 15,000 ಡಾಲರಿಗೆ ಕೊಂಡು ಕಟ್ಟಿದ ತಂಡ ಅದು. ಹಿಂದಿನ ವರ್ಷ ಕಟ್ಟಕಡೆಯ ಸ್ಥಾನದಲ್ಲಿದ್ದವರ ವಾರಸುದಾರರು ಎಂಬ ಕಾರಣಕ್ಕೇ ಮೊದಲ ಆಯ್ಕೆಯ ಭಾಗ್ಯ!

ಮಾತುಕತೆಗೆಂದು ಮೈಕನ್ ಮಿನಿಯಾಪೊಲಿಸ್‌ಗೆ ಬಂದ. ಮಾತು ಮುರಿಯಿತು. ಊರಿಗೆ ಹೋಗುವ ವಿಮಾನ ಹಿಡಿಯಲು ಆತ ಹೊರಟಾಗ ಕಾರಿನಲ್ಲಿ ಕರೆದೊಯ್ದವರು ತಂಡದ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುವ ಪತ್ರಕರ್ತ ಸಿಡ್ ಹಾರ್ಟ್‌ಮನ್. ಅವರು ಬೇಕೆಂದೇ ವಿಮಾನ ನಿಲ್ದಾಣದ ದಾರಿ ತಪ್ಪಿಸಿ ಸುತ್ತು ಹೊಡೆದರಂತೆ! ವಿಮಾನ ಹೊರಟುಹೋಯಿತು. ರಾತ್ರಿ ಅಲ್ಲೇ ಉಳಿದ ಮೈಕನ್ ಮರುದಿನ ಕರಾರಿಗೆ ಸಹಿ ಹಾಕಿದ. ಹಾರ್ಟ್‌ಮನ್ ಈ ಕತೆಯನ್ನು ಬಾಳಿನುದ್ದಕ್ಕೂ ಹೇಳಿ ನಗುತ್ತಿದ್ದರು.

ಮುಂದಿನದು ಗೆಲುವಿನ ಸರಮಾಲೆ. 1948ರಲ್ಲಿ ನ್ಯಾಷನಲ್ ಲೀಗ್, 1949ರಲ್ಲಿ ಪ್ರತಿಸ್ಪರ್ಧಿ ಸಂಸ್ಥೆಯ ಲೀಗ್. ಆ ವರ್ಷ ಎರಡೂ ಸೇರಿ ಹುಟ್ಟಿದ ಎನ್‌ಬಿಎ ಲೀಗ್‌ನಲ್ಲಿ 1950, 1952, 1953 ಮತ್ತು 1954ರ ಪ್ರಶಸ್ತಿಗಳು. ತರಬೇತುದಾರ ಜಾನ್ ಕುಂಡ್ಲಾ, ಜೊತೆ ಆಟಗಾರರಾದ ಜಿಮ್ ಪೊಲ್ಲಾರ್ಡ್, ವರ್ನ್ ಮಿಕೆಲ್ಸನ್, ಸ್ಲೇಟರ್ ಮಾರ್ಟಿನ್ ಇವರೆಲ್ಲರ ದುಡಿಮೆಯೂ ಅದರಲ್ಲಿತ್ತು. 1949ರ ಫೈನಲ್ಸ್ ನಡುವೆ ಮೈಕನ್‌ನ ಮಣಿಕಟ್ಟು ಮುರಿಯಿತು. ಕೈಗೆ ಪಟ್ಟಿ ಕಟ್ಟಿಕೊಂಡೇ ಮುಂದಿನ ಪಂದ್ಯದಲ್ಲಿ 22 ಅಂಕ ಗಳಿಸಿದ. 1951ರಲ್ಲಿ ಕಾಲಿನ ಮೂಳೆ ಬಿರುಕು ಬಿಟ್ಟಾಗಲೂ ಆಡಿದ. ಆ ವರ್ಷ ಮಾತ್ರ ತಂಡ ಸೋತಿತು. ಅಂದಿನ ಆಟ ಒರಟು ಆಟ. ಮೈಕನ್ ಪೆಟ್ಟು ತಿನ್ನುವವನೂ ಹೌದು, ಮೊಣಕೈಯಿಂದ ಕೊಡುವವನೂ ಹೌದು. ಲೀಗ್‌ನಲ್ಲಿ ಅತಿ ಹೆಚ್ಚು ಫೌಲ್ ಮಾಡಿದವರ ಪಟ್ಟಿಯ ತಲೆಯಲ್ಲಿ ಆತನ ಹೆಸರು ಮೂರು ವರ್ಷ ಇತ್ತು.

ಕರಿಯರ ತಂಡದೆದುರು

ಈ ಗೆಲುವುಗಳ ನಡುವೆ ಒಂದು ಸೋಲನ್ನು ಮರೆಯುವಂತಿಲ್ಲ. ಆಗ ಅಮೆರಿಕದ ವೃತ್ತಿಪರ ಲೀಗ್‌ಗಳ ಬಾಗಿಲು ಕರಿಯ ಆಟಗಾರರಿಗೆ ಬಹುಮಟ್ಟಿಗೆ ಮುಚ್ಚಿತ್ತು. ಅವರ ಪ್ರತಿಭೆಗೆ ಇದ್ದ ದೊಡ್ಡ ಆಸರೆಯೆಂದರೆ ಊರೂರು ಸುತ್ತಿ ಆಡುತ್ತಿದ್ದ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ. ನಗಿಸುವ ಚೇಷ್ಟೆಗಳಿಗೆ ಹೆಸರಾದ ಅವರು ಗಂಭೀರ ಪಂದ್ಯದಲ್ಲಿ ನಿಲ್ಲಲಾರರು ಎಂದು ಅನೇಕರ ನಂಬಿಕೆ.

1948ರ ಫೆಬ್ರವರಿ 19ರಂದು ಷಿಕಾಗೋ ಕ್ರೀಡಾಂಗಣದಲ್ಲಿ ಲೇಕರ್ಸ್ ಮತ್ತು ಗ್ಲೋಬ್‌ಟ್ರಾಟರ್ಸ್ ಎದುರುಬದುರಾದವು. ಸೇರಿದ ಜನ 17,823. ಅರ್ಧ ಆಟ ಮುಗಿದಾಗ ಲೇಕರ್ಸ್ ಒಂಬತ್ತು ಅಂಕ ಮುಂದಿತ್ತು. ಎರಡನೆಯ ಅರ್ಧದಲ್ಲಿ ಗ್ಲೋಬ್‌ಟ್ರಾಟರ್ಸ್ ಮೈಕನ್ ಮೇಲೆ ಇಬ್ಬಿಬ್ಬರನ್ನು ಬಿಟ್ಟು ಹತ್ತಿರ ಹತ್ತಿರ ಬಂದರು. ಅಂಕ 59–59. ಕೊನೆಯ ಕ್ಷಣದಲ್ಲಿ ಎರ್ಮರ್ ರಾಬಿನ್ಸನ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. 61–59. ಮುಂದಿನ ವರ್ಷದ ಮರುಪಂದ್ಯದಲ್ಲೂ ಗ್ಲೋಬ್‌ಟ್ರಾಟರ್ಸ್ ಗೆದ್ದರು.

ದೇಶದ ಅತ್ಯುತ್ತಮ ಎನಿಸಿದ ತಂಡವನ್ನು ಸೋಲಿಸಿದವರನ್ನು ಇನ್ನು ಹೊರಗಿಡುವುದು ಹೇಗೆ? 1950ರಲ್ಲಿ ಎನ್‌ಬಿಎ ಬಾಗಿಲು ತೆರೆಯಿತು. ಚಕ್ ಕೂಪರ್, ಅರ್ಲ್ ಲಾಯ್ಡ್ ಮತ್ತು ಗ್ಲೋಬ್‌ಟ್ರಾಟರ್ಸ್‌ನಲ್ಲೇ ಆಡಿದ್ದ ನ್ಯಾಟ್ ಕ್ಲಿಫ್ಟನ್ ಒಳಗೆ ಬಂದರು. ಆ ಬಾಗಿಲು ಹಲವರ ಹೋರಾಟದಿಂದ ತೆರೆದದ್ದು. ಷಿಕಾಗೋದ ಆ ರಾತ್ರಿಯೂ ಅದಕ್ಕೆ ಕೈಜೋಡಿಸಿತ್ತು.

19–18

ಒಬ್ಬ ಆಟಗಾರನನ್ನು ತಡೆಯಲಾಗದಿದ್ದರೆ ಏನು ಮಾಡಬೇಕು? 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಒಂದು ಉಪಾಯ ಹೂಡಿತು. ಆಡದೇ ಇರುವುದು! ಚೆಂಡು ಕೈಗೆ ಸಿಕ್ಕರೆ ಎಸೆಯುವ ಗೋಜಿಗೆ ಹೋಗದೆ ಸುಮ್ಮನೆ ಇಟ್ಟುಕೊಂಡರು. ನಿಮಿಷಗಳು ಉರುಳಿದವು, ಪ್ರೇಕ್ಷಕರು ಕೂಗಾಡಿದರು. ಕೊನೆಗೆ ಪಿಸ್ಟನ್ಸ್ ಗೆದ್ದದ್ದು 19–18ರಿಂದ. ಎನ್‌ಬಿಎ ಚರಿತ್ರೆಯಲ್ಲಿ ಇಂದಿಗೂ ಅತಿ ಕಡಿಮೆ ಅಂಕದ ಪಂದ್ಯ ಅದೇ. ಲೇಕರ್ಸ್‌ನ 18ರಲ್ಲಿ 15 ಅಂಕ ಮೈಕನ್‌ದು.

ಹೀಗೇ ಮುಂದುವರಿದರೆ ಟಿಕೆಟ್ ಕೊಳ್ಳುವವರು ಯಾರು ಎಂಬ ಚಿಂತೆ ಮಾಲೀಕರನ್ನು ಕಾಡಿತು. ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಎಂಬವರು ಸರಳ ಗಣಿತ ಮಾಡಿದರು. ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡ್. ಒಳ್ಳೆಯ ಪಂದ್ಯವೊಂದರಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಬಾರಿ ಬುಟ್ಟಿಗೆ ಎಸೆಯುತ್ತವೆ. 2,880ನ್ನು 120ರಿಂದ ಭಾಗಿಸಿದರೆ 24. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಎಸೆಯಲೇಬೇಕು ಎಂಬ ನಿಯಮ 1954ರಲ್ಲಿ ಬಂತು. ವೃತ್ತಿಪರ ಆಟವನ್ನು ಬದುಕಿಸಿದ ನಿಯಮ ಎಂದು ಅದನ್ನು ಕೊಂಡಾಡುವುದುಂಟು.

ಮೈಕನ್‌ಗೆಂದೇ ಇನ್ನೊಂದು ನಿಯಮ ಬಂದಿತ್ತು. ಬುಟ್ಟಿಯ ಕೆಳಗಿನ ಬಣ್ಣದ ಪಟ್ಟೆಯೊಳಗೆ ದಾಳಿ ಮಾಡುವ ತಂಡದವನು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಆ ಪಟ್ಟೆಯ ಅಗಲ ಆಗ ಆರಡಿ. ಮೈಕನ್ ಅದರ ಅಂಚಿನ ಹೊರಗೆ ನಿಂತು ಒಂದೇ ಹೆಜ್ಜೆಯಲ್ಲಿ ಬುಟ್ಟಿ ತಲುಪುತ್ತಿದ್ದ. 1951ರಲ್ಲಿ ಪಟ್ಟೆಯನ್ನು ಹನ್ನೆರಡು ಅಡಿಗೆ ಹಿಗ್ಗಿಸಿದರು. ಪಂದ್ಯವೊಂದಕ್ಕೆ ಮೈಕನ್‌ನ ಸರಾಸರಿ 28.4 ಅಂಕದಿಂದ 23.8ಕ್ಕೆ ಇಳಿಯಿತು. ನಿಯಮ ಮಾಡಿದವರ ಉದ್ದೇಶ ಈಡೇರಿತೇ? ಅದೂ ಇಲ್ಲ. ಆತ ಚೆಂಡನ್ನು ಗೆಳೆಯರಿಗೆ ಕೊಟ್ಟು ಆಡಿಸತೊಡಗಿದ. ಪಟ್ಟೆ ಹಿಗ್ಗಿದ ಮೇಲೆಯೇ ಲೇಕರ್ಸ್ ಸತತ ಮೂರು ಪ್ರಶಸ್ತಿ ಗೆದ್ದದ್ದು.

1954ರ ಮಾರ್ಚ್‌ನಲ್ಲಿ ಒಂದು ಪಂದ್ಯಕ್ಕೆ ಬುಟ್ಟಿಯನ್ನೇ ಹನ್ನೆರಡು ಅಡಿಗೆ ಏರಿಸಿ ನೋಡಿದರು. ಅದರಲ್ಲೂ ಲೇಕರ್ಸ್ 65–63ರಿಂದ ಗೆದ್ದಿತು! ಬುಟ್ಟಿ ಮತ್ತೆ ಹತ್ತಡಿಗೆ ಇಳಿಯಿತು.

ಆಟದ ಆಚೆಯ ಬದುಕು

24 ಸೆಕೆಂಡಿನ ಗಡಿಯಾರ ಬಂದ ಋತುವಿಗೆ ಮೊದಲೇ, ಮೂವತ್ತನೆಯ ವಯಸ್ಸಿನಲ್ಲಿ ಮೈಕನ್ ನಿವೃತ್ತಿ ಘೋಷಿಸಿದ. ಆಟದಲ್ಲಿ ಹತ್ತು ಮೂಳೆ ಮುರಿದಿದ್ದವು. ಮನೆಯಲ್ಲಿ ಬೆಳೆಯುವ ಮಕ್ಕಳಿದ್ದರು. 1956ರಲ್ಲಿ ಮತ್ತೆ ಬಂದು 37 ಪಂದ್ಯ ಆಡಿದ. ಆಟ ಆಗಲೇ ವೇಗ ಪಡೆದಿತ್ತು, ಮೈಕನ್‌ನ ಕಾಲು ಪಡೆದಿರಲಿಲ್ಲ. ಸರಾಸರಿ ಹತ್ತರ ಆಸುಪಾಸಿಗೆ ಇಳಿಯಿತು. ಅಲ್ಲಿಗೆ ಆಟ ಮುಗಿಯಿತು.

'ಆಟ ಹೊಟ್ಟೆ ತುಂಬಿಸುತ್ತದೆಯೇ?' ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಕೇಳಿಬರುವಂತೆ ಅಂದು ಅಲ್ಲಿಯೂ ಕೇಳಿಬರುತ್ತಿತ್ತು. ಮೈಕನ್ ಅದಕ್ಕೆ ತನ್ನದೇ ರೀತಿಯಲ್ಲಿ ಸಿದ್ಧನಾಗಿದ್ದ. ಆಡುತ್ತಲೇ ಡಿಪಾಲ್‌ನಲ್ಲಿ ಕಾನೂನು ಓದಿ ಪದವಿ ಪಡೆದಿದ್ದ. ನಿವೃತ್ತಿಯ ನಂತರ ಮಿನಿಯಾಪೊಲಿಸ್‌ನಲ್ಲಿ ವಕೀಲಿ ವೃತ್ತಿ ಹಿಡಿದ. ಪ್ರವಾಸ ಸಂಸ್ಥೆಯನ್ನೂ ನಡೆಸಿದ.

ಕೈ ಹಾಕಿದ್ದೆಲ್ಲ ಹೂವಾಗಲಿಲ್ಲ. 1956ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ಸ್ಪರ್ಧಿಸಿ ಕಡಿಮೆ ಅಂತರದಲ್ಲಿ ಸೋತ. 1957ರಲ್ಲಿ ಲೇಕರ್ಸ್‌ನ ತರಬೇತುದಾರನಾಗಿ 39 ಪಂದ್ಯಗಳಲ್ಲಿ 9 ಮಾತ್ರ ಗೆದ್ದು ಕೆಳಗಿಳಿದ. ಶ್ರೇಷ್ಠ ಆಟಗಾರ ಶ್ರೇಷ್ಠ ಗುರುವಾಗಲೇಬೇಕೆಂದಿಲ್ಲ. 1960ರಲ್ಲಿ ಲೇಕರ್ಸ್ ತಂಡವೂ ಊರು ಬಿಟ್ಟು ಲಾಸ್ ಏಂಜಲಿಸ್‌ಗೆ ಹೋಯಿತು.

1967ರಲ್ಲಿ ಎನ್‌ಬಿಎಗೆ ಸೆಡ್ಡು ಹೊಡೆದು ಹುಟ್ಟಿದ ಎಬಿಎ ಲೀಗ್ ಮೈಕನ್‌ನನ್ನು ಮೊದಲ ಕಮಿಷನರ್ ಆಗಿ ಕರೆಯಿತು. ಕಂದು ಚೆಂಡಿನ ಬದಲು ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡು ಬಂದದ್ದು ಆಗಲೇ. ದೂರದಿಂದ ಎಸೆದರೆ ಎರಡರ ಬದಲು ಮೂರು ಅಂಕ ಕೊಡುವ ಪದ್ಧತಿಯನ್ನೂ ಆ ಲೀಗ್ ಅಳವಡಿಸಿಕೊಂಡಿತು. ಅದು ಅದಕ್ಕೂ ಮೊದಲು ಇನ್ನೊಂದು ಲೀಗ್ ಪ್ರಯೋಗಿಸಿ ನೋಡಿದ್ದ ಪದ್ಧತಿ. 1979ರಲ್ಲಿ ಎನ್‌ಬಿಎ ಕೂಡ ಅದನ್ನು ಒಪ್ಪಿಕೊಂಡಿತು. ಎತ್ತರದವನಾಗಿ ಬುಟ್ಟಿಯ ಕೆಳಗೆ ಆಳಿದವನೇ, ಕುಳ್ಳರೂ ದೂರದಿಂದ ಗೆಲ್ಲುವ ದಾರಿಯನ್ನು ಬೆಂಬಲಿಸಿದ. ಮಿನಿಯಾಪೊಲಿಸ್‌ಗೆ ಮತ್ತೆ ವೃತ್ತಿಪರ ತಂಡ ತರುವ ಪ್ರಯತ್ನದ ಮುಂದಾಳಾಗಿಯೂ ಆತ ದುಡಿದ. 1989ರಲ್ಲಿ ಅಲ್ಲಿ ಟಿಂಬರ್‌ವುಲ್ವ್ಸ್ ತಂಡ ಆಡಲಾರಂಭಿಸಿತು.

ಕೊನೆಯ ಪಂದ್ಯ

ಬದುಕಿನ ಕೊನೆಯ ಭಾಗ ಸುಖದ್ದಾಗಿರಲಿಲ್ಲ. ಸಕ್ಕರೆ ಕಾಯಿಲೆ ಮೈ ಹೊಕ್ಕಿತು. 2000ದಲ್ಲಿ ಬಲಗಾಲನ್ನು ಕತ್ತರಿಸಬೇಕಾಯಿತು. ನೃತ್ಯದ ಹೆಜ್ಜೆ ಕಲಿತ ಕಾಲು ಅದು. ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ಬಾರಿ ಡಯಾಲಿಸಿಸ್. ವೆಚ್ಚ ಏರುತ್ತಲೇ ಹೋಯಿತು.

ಈ ಹೊತ್ತಿಗೆ ಎನ್‌ಬಿಎ ಆಟಗಾರರು ವರ್ಷಕ್ಕೆ ಕೋಟಿಗಟ್ಟಲೆ ಗಳಿಸುತ್ತಿದ್ದರು. ಆದರೆ 1965ಕ್ಕಿಂತ ಮೊದಲು ನಿವೃತ್ತರಾದವರಿಗೆ ಸಿಗುತ್ತಿದ್ದ ಪಿಂಚಣಿ ಅತ್ಯಲ್ಪ. ಆಟ ಬೇರೂರುವ ಮೊದಲೇ ಬೆವರು ಸುರಿಸಿದವರು ಅವರು. ಮೈಕನ್‌ಗೆ ಬರುತ್ತಿದ್ದುದು ತಿಂಗಳಿಗೆ ಸುಮಾರು 1,700 ಡಾಲರ್. ಆತ ಆ ಹಳಬರ ಪರವಾಗಿ ದನಿ ಎತ್ತಿದ. ಅವರಿಗೂ ಗೌರವದ ಪಿಂಚಣಿ ಸಿಗಬೇಕೆಂದು ಪಟ್ಟು ಹಿಡಿದ. ಕಾಲಿಲ್ಲದ ಸ್ಥಿತಿಯಲ್ಲೂ ಆ ಹೋರಾಟ ಬಿಡಲಿಲ್ಲ. ಅದರ ಫಲ ಕಾಣುವ ಮೊದಲೇ, 2005ರ ಜೂನ್ 1ರಂದು ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ತೀರಿಕೊಂಡ. ಎಂಬತ್ತೊಂದು ತುಂಬಲು ಎರಡೂವರೆ ವಾರ ಉಳಿದಿತ್ತು.

ಸುದ್ದಿ ಕೇಳಿದ ಷಕೀಲ್ ಓನೀಲ್ ಅಂತ್ಯಕ್ರಿಯೆಯ ಖರ್ಚನ್ನೆಲ್ಲ ತಾವೇ ವಹಿಸಿಕೊಳ್ಳುವುದಾಗಿ ಹೇಳಿದರು. ಏಳಡಿ ದಾಟಿದ ಓನೀಲ್ ಅಂದಿನ ಅತಿ ದೊಡ್ಡ ತಾರೆ. ಅದಕ್ಕೆ ಹಿಂದೆ ಎಂಟು ವರ್ಷ ಅದೇ ಲೇಕರ್ಸ್ ತಂಡಕ್ಕೆ, ಲಾಸ್ ಏಂಜಲಿಸ್‌ನಲ್ಲಿ, ಆಡಿದ್ದವರು. ಮೈಕನ್ ಇರದಿದ್ದರೆ ತನ್ನಂಥ ಆಟಗಾರ ಇರುತ್ತಿರಲಿಲ್ಲ ಎಂಬುದು ಅವರ ಮಾತಿನ ಸಾರ. ಎತ್ತರದ ಹುಡುಗರನ್ನು ಎಡವುವವರೆಂದು ತಳ್ಳುತ್ತಿದ್ದ ಆಟದಲ್ಲಿ ಅವರಿಗೊಂದು ಜಾಗ ಮಾಡಿಕೊಟ್ಟ ಪೂರ್ವಿಕನಿಗೆ ಅದೊಂದು ಋಣ ಸಂದಾಯ.

ಗೌರವಗಳಿಗೆ ಕೊರತೆ ಇರಲಿಲ್ಲ. 1950ರಲ್ಲಿ ಅಮೆರಿಕದ ಪತ್ರಕರ್ತರು ಆತನನ್ನು ಅರ್ಧ ಶತಮಾನದ ಶ್ರೇಷ್ಠ ಬ್ಯಾಸ್ಕೆಟ್‌ಬಾಲ್ ಆಟಗಾರ ಎಂದು ಆರಿಸಿದ್ದರು. 1959ರಲ್ಲಿ ನೈಸ್ಮಿತ್ ಹೆಸರಿನ ಗೌರವ ಭವನ ಮೊದಲ ಬಾರಿಗೆ ಸೇರಿಸಿಕೊಂಡವರಲ್ಲಿ ಆತನೂ ಒಬ್ಬ. ಲೇಕರ್ಸ್ ತಂಡ ಮಾತ್ರ ಆತನ 99ನೇ ಸಂಖ್ಯೆಯ ಅಂಗಿಯನ್ನು ಬೇರೆ ಯಾರಿಗೂ ಕೊಡದಂತೆ ಎತ್ತಿಟ್ಟು ಗೌರವಿಸಿದ್ದು 2022ರ ಅಕ್ಟೋಬರ್‌ನಲ್ಲಿ. ತೀರಿಕೊಂಡು ಹದಿನೇಳು ವರ್ಷ ಕಳೆದ ಮೇಲೆ!

ಅದೇ ವರ್ಷದ ಡಿಸೆಂಬರ್‌ನಲ್ಲಿ ಎನ್‌ಬಿಎ ತನ್ನ ವಾರ್ಷಿಕ ಪ್ರಶಸ್ತಿಗಳಿಗೆ ಹಳೆಯ ತಾರೆಗಳ ಹೆಸರಿಟ್ಟಿತು. ಏಳು ಪ್ರಶಸ್ತಿ ಗೆದ್ದ ತಂಡಗಳ ನಡುಗಂಬವಾಗಿದ್ದ ಮೈಕನ್ ಹೆಸರಿನ ಟ್ರೋಫಿ ಅತಿ ಹೆಚ್ಚು ಅಂಕ ಗಳಿಸಿದವನಿಗೆ ಹೋಗುವುದಿಲ್ಲ, ಅತ್ಯುತ್ತಮ ಆಟಗಾರನಿಗೂ ಹೋಗುವುದಿಲ್ಲ. ಹಿಂದಿನ ವರ್ಷಕ್ಕಿಂತ ಅತಿ ಹೆಚ್ಚು ಸುಧಾರಿಸಿದ ಆಟಗಾರನಿಗೆ ಕೊಡುವ ಟ್ರೋಫಿ ಅದು. ಹಗ್ಗ ಹಾರುತ್ತಾ, ಹೆಜ್ಜೆ ಎಣಿಸುತ್ತಾ, ದಿನಕ್ಕೆ ನೂರಾರು ಸಲ ಬಲಗೈ, ನೂರಾರು ಸಲ ಎಡಗೈ ಎಂದು ಚೆಂಡೆಸೆದ ಹುಡುಗನಿಗೆ ಇದಕ್ಕಿಂತ ಒಪ್ಪುವ ಗೌರವ ಇರಲಾರದು.